ಬೆಂಗಳೂರಿನ ವಿಮಾನ, ಶಿವಮೊಗ್ಗದ ಎರಕ

2025ರ ಸೆಪ್ಟೆಂಬರ್ 25ರಂದು ರಕ್ಷಣಾ ಸಚಿವಾಲಯ 97 ತೇಜಸ್ ಮಾರ್ಕ್-1ಎ ಯುದ್ಧವಿಮಾನಗಳಿಗಾಗಿ ಎಚ್‌ಎಎಲ್ ಜೊತೆ 62,370 ಕೋಟಿ ರೂಪಾಯಿಗೂ ಹೆಚ್ಚಿನ ಒಪ್ಪಂದಕ್ಕೆ ಸಹಿ ಹಾಕಿತು. ಅದಕ್ಕೂ ಮೊದಲು, 2021ರ ಫೆಬ್ರುವರಿಯಲ್ಲಿ, ಇದೇ ಮಾದರಿಯ 83 ವಿಮಾನಗಳ ಆರ್ಡರ್ ಕೊಟ್ಟಾಗಿತ್ತು. ಅವುಗಳಲ್ಲಿ ಮೊದಲನೆಯದು 2024ರ ಮಾರ್ಚ್ ಹೊತ್ತಿಗೆ ವಾಯುಪಡೆಯ ಕೈಸೇರಬೇಕಿತ್ತು, ಸೇರಲಿಲ್ಲ. ತಡಕ್ಕೆ ಕಾರಣಗಳು ಹಲವು, ಮುಖ್ಯವಾದದ್ದು ಎಂಜಿನ್. ಅಮೆರಿಕದ ಜಿಇ ಕಂಪನಿ ತೇಜಸ್‌ಗೆಂದೇ ತಯಾರಿಸುತ್ತಿದ್ದ ಎಫ್-404 ಐಎನ್-20 ಮಾದರಿಯ 65 ಎಂಜಿನ್‌ಗಳ ಪೈಕಿ ಕೊನೆಯದನ್ನು 2016ರಲ್ಲಿ ಕಳಿಸಿತ್ತು. ಮುಂದಿನ ಆರ್ಡರ್ ಬರಲಿಲ್ಲ, ತಯಾರಿಕೆಯ ಸಾಲನ್ನೇ ಕಂಪನಿ ಮುಚ್ಚಿಬಿಟ್ಟಿತು. 2021ರ ಆಗಸ್ಟ್‌ನಲ್ಲಿ 99 ಎಂಜಿನ್‌ಗಳಿಗೆ ಆರ್ಡರ್ ಹೋದಾಗ ಐದು ವರ್ಷ ಮಲಗಿದ್ದ ಸಾಲನ್ನು ಎಬ್ಬಿಸಬೇಕಿತ್ತು, ಬೇರೆ ಬೇರೆ ದೇಶಗಳಲ್ಲಿ ಚದುರಿಹೋಗಿದ್ದ ಬಿಡಿಭಾಗ ಪೂರೈಕೆದಾರರನ್ನು ಮತ್ತೆ ಕೂಡಿಸಬೇಕಿತ್ತು. ಮೊದಲ ಎಂಜಿನ್ ಸಿದ್ಧವಾಗಿ ಎಚ್‌ಎಎಲ್‌ಗೆ ಸಿಕ್ಕಿದ್ದು 2025ರ ಮಾರ್ಚ್‌ನಲ್ಲಿ. ಜಗತ್ತಿನ ಅತಿ ದೊಡ್ಡ ಎಂಜಿನ್ ಕಂಪನಿಗಳಲ್ಲೊಂದಕ್ಕೇ ಕಡಿದುಹೋದ ಸಂಬಂಧವನ್ನು ಮತ್ತೆ ಕಟ್ಟಲು ಮೂರೂವರೆ ವರ್ಷ ಹಿಡಿಯಿತು. ಶಿವಮೊಗ್ಗದ ಭದ್ರಾವತಿ ರಸ್ತೆಯ ಮಾಚೇನಹಳ್ಳಿಯಲ್ಲೋ ಗಾಜನೂರಿನ ಹಾದಿಯ ಕಲ್ಲೂರು-ಮಂಡ್ಲಿಯಲ್ಲೋ ಇರುವ ಸಣ್ಣ ಫೌಂಡ್ರಿಗೆ ಹೀಗೆ ಐದು ವರ್ಷ ಕೆಲಸ ನಿಂತರೆ ಮತ್ತೆ ಎಬ್ಬಿಸಲು ಅಲ್ಲಿ ಏನೂ ಉಳಿದಿರುವುದಿಲ್ಲ.

ರಕ್ಷಣಾ ಉದ್ಯಮದ ಬಗ್ಗೆ ನಮ್ಮಲ್ಲಿ ಚರ್ಚೆ ನಡೆದಾಗಲೆಲ್ಲ ವಿಮಾನ ಎಷ್ಟು, ಫಿರಂಗಿ ಎಷ್ಟು, ಮೊತ್ತ ಎಷ್ಟು ಸಾವಿರ ಕೋಟಿ ಎಂಬ ಲೆಕ್ಕ ಮುಂದೆ ಬರುತ್ತದೆ. 2024-25ರಲ್ಲಿ ದೇಶದ ರಕ್ಷಣಾ ಉತ್ಪಾದನೆ ಒಂದೂವರೆ ಲಕ್ಷ ಕೋಟಿ ರೂಪಾಯಿ ದಾಟಿತು, ರಫ್ತು 23,622 ಕೋಟಿ ರೂಪಾಯಿಗೆ ಏರಿತು. ಹೆಮ್ಮೆಪಡಬೇಕಾದ ಅಂಕಿಗಳೇ. ಆದರೆ ಈ ಉತ್ಪಾದನೆಯ ತಳದಲ್ಲಿ ಬೋಲ್ಟು, ಬ್ರಾಕೆಟ್ಟು, ಹೌಸಿಂಗು, ಕವಚ ಮಾಡಿಕೊಡುವ ಸಾವಿರಾರು ಸಣ್ಣ ಘಟಕಗಳು ಇವೆ. ಅವುಗಳ ಜೊತೆ ದೊಡ್ಡ ಕಾರ್ಖಾನೆಗಳ ಸಂಬಂಧ ಎಂಥದ್ದು ಎಂಬುದರ ಮೇಲೆಯೇ ಸೈನ್ಯದ ಕೈಗೆ ಸಾಮಾನು ಹೊತ್ತಿಗೆ ಸರಿಯಾಗಿ ಸೇರುತ್ತದೋ ಇಲ್ಲವೋ ನಿರ್ಧಾರವಾಗುತ್ತದೆ. ನನ್ನ ವಾದ ಇಷ್ಟು: ಎಚ್‌ಎಎಲ್, ಬಿಇಎಂಎಲ್, ಬಿಇಎಲ್‌ನಂಥ ಸರ್ಕಾರಿ ಕಂಪನಿಗಳು ತಮ್ಮ ಸಣ್ಣ ಪೂರೈಕೆದಾರರಿಗೆ ಕನಿಷ್ಠ ಐದು ವರ್ಷದ ಖಚಿತ ಕೆಲಸ ಮತ್ತು ಹೊತ್ತಿಗೆ ಸರಿಯಾದ ಹಣ, ಇವೆರಡನ್ನೂ ಬರಹದಲ್ಲಿ ಕೊಡಬೇಕು. ಅದನ್ನು ಸಣ್ಣ ಉದ್ಯಮಕ್ಕೆ ತೋರಿಸುವ ಔದಾರ್ಯ ಎಂದು ನೋಡುವುದು ತಪ್ಪು, ಅದು ದೇಶದ ರಕ್ಷಣೆಯದೇ ಒಂದು ಭಾಗ. ಇದಕ್ಕೆ ಶಿವಮೊಗ್ಗ-ಭದ್ರಾವತಿಗಿಂತ ಒಳ್ಳೆಯ ಪರೀಕ್ಷೆಯ ನೆಲ ಕರ್ನಾಟಕದಲ್ಲಿ ಕಡಿಮೆ. ನೂರು ವರ್ಷದಿಂದ ಕಬ್ಬಿಣ ಕರಗಿಸುತ್ತ ಬಂದ ಊರುಗಳಿವು. ಸಂಬಂಧ ಬೆಳೆದರೆ ಏನಾಗುತ್ತದೆ, ಕಡಿದರೆ ಏನಾಗುತ್ತದೆ ಎಂಬ ಎರಡಕ್ಕೂ ಇಲ್ಲಿಂದಲೇ ಸಾಕ್ಷ್ಯ ಸಿಗುತ್ತದೆ.

ಎರಕದ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯದೆ ಈ ವಾದ ಅರ್ಥವಾಗದು. ಟ್ರ್ಯಾಕ್ಟರಿನ ಭಾಗ ಮಾಡುತ್ತಿದ್ದ ಫೌಂಡ್ರಿಯೊಂದಕ್ಕೆ ಸೇನಾ ವಾಹನದ ಒಂದು ಹೊಸ ಭಾಗದ ನಕ್ಷೆ ಬಂತು ಎಂದಿಟ್ಟುಕೊಳ್ಳಿ. ಮೊದಲು ಪ್ಯಾಟರ್ನ್ ಮಾಡಿಸಬೇಕು. ಕರಗಿದ ಲೋಹ ಅಚ್ಚಿನೊಳಗೆ ಯಾವ ದಾರಿಯಲ್ಲಿ ಹರಿಯಬೇಕು, ಎಲ್ಲಿ ಮೊದಲು ಗಟ್ಟಿಯಾಗಬೇಕು ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಬೇಕು. ಆಮೇಲೆ ಪ್ರಾಯೋಗಿಕ ಎರಕ. ಮೊದಲ ಎರಕದಲ್ಲಿ ಒಳಗೆ ಗಾಳಿಗುಳ್ಳೆ ನಿಂತಿರುತ್ತದೆ, ಎರಡನೆಯದರಲ್ಲಿ ಕುಗ್ಗಿದ ಜಾಗ ಕಾಣುತ್ತದೆ, ಮೂರನೆಯದು ಎಕ್ಸ್-ರೇಯಲ್ಲಿ ಪಾಸಾದರೂ ಯಂತ್ರಕ್ಕೆ ಹಾಕಿದಾಗ ಅಳತೆ ತಪ್ಪಬಹುದು. ಹೀಟ್ ಟ್ರೀಟ್‌ಮೆಂಟಿನ ತಾಪ ಮತ್ತು ಸಮಯ ಹೊಂದಿಸಬೇಕು. ಪ್ರತಿ ಕರಗಿನ ರಾಸಾಯನಿಕ ವಿವರ, ಅದೇ ಲೋಹದಿಂದ ಎರೆದ ಪರೀಕ್ಷಾ ಸರಳಿನ ಬಲದ ವಿವರ, ಯಾವ ಭಾಗ ಯಾವ ಕರಗಿನದು ಎಂಬ ದಾಖಲೆ ಎಲ್ಲವನ್ನೂ ವರ್ಷಗಟ್ಟಲೆ ಕಾದಿಡಬೇಕು. ಕೊನೆಗೆ ಮೊದಲ ನಮೂನೆಯನ್ನು ಗ್ರಾಹಕ ಕಂಪನಿಯ ಪರೀಕ್ಷಕರು ಮತ್ತು ರಕ್ಷಣಾ ಗುಣಮಟ್ಟದ ಇಲಾಖೆಯವರು ನೋಡಿ ಒಪ್ಪಬೇಕು. ವಿಮಾನದ ಭಾಗವಾದರೆ ಸೆಮಿಲ್ಯಾಕ್‌ನಂಥ ವಾಯುಯೋಗ್ಯತಾ ಸಂಸ್ಥೆಯ ಅಂಕೆಯೂ ಇರುತ್ತದೆ. ವರ್ಷ, ಎರಡು ವರ್ಷ ಹೀಗೇ ಕಳೆಯುತ್ತದೆ. ಅಷ್ಟು ದಿನ ಖರ್ಚೆಲ್ಲ ಫೌಂಡ್ರಿಯ ಕೈಯಿಂದ. ಇಷ್ಟಾಗಿ ಬರುವ ಆರ್ಡರ್ ಇನ್ನೂರೋ ಮುನ್ನೂರೋ ನಗ. ವಾಹನ ಕಂಪನಿಗಳಿಗಾದರೆ ಅದೇ ಫೌಂಡ್ರಿ ಸಾವಿರಗಳಲ್ಲಿ ಎರಕ ಹಾಕುತ್ತದೆ, ಮುಂದಿನ ತಿಂಗಳುಗಳ ಷೆಡ್ಯೂಲ್ ಮುಂಚೆಯೇ ಕೈಯಲ್ಲಿರುತ್ತದೆ.

ಈ ಮೊದಲ ಆರ್ಡರ್ ಮುಗಿದ ಮೇಲಿನದೇ ಅಸಲು ಸಮಸ್ಯೆ. ಮುಂದಿನ ಖರೀದಿಗೆ ಮತ್ತೆ ಟೆಂಡರ್. ಟೆಂಡರಿನಲ್ಲಿ ಎಲ್-1, ಅಂದರೆ ಅತಿ ಕಡಿಮೆ ದರ ಕೂಗಿದವನಿಗೆ ಕೆಲಸ. ಪ್ಯಾಟರ್ನ್ ಮಾಡಿಸಿ, ಕೆಟ್ಟ ಎರಕಗಳ ನಷ್ಟ ನುಂಗಿ, ಪರೀಕ್ಷೆಗಳಲ್ಲಿ ಪಾಸಾಗಿ ಬಂದ ಫೌಂಡ್ರಿ ತನ್ನ ಖರ್ಚನ್ನು ದರದಲ್ಲಿ ಸೇರಿಸಲೇಬೇಕು. ಆ ಖರ್ಚೇ ಇಲ್ಲದ ಹೊಸಬ ಒಂದಿಷ್ಟು ಕಡಿಮೆ ಬರೆದು ಕೆಲಸ ಎತ್ತಿಕೊಂಡು ಹೋಗುತ್ತಾನೆ. ಹೊಸಬನಿಗೂ ಮುಂದೆ ಅದೇ ಗತಿ. ಹೀಗಾಗಿ ಅನುಭವ ಯಾರ ಬಳಿಯೂ ನಿಲ್ಲುವುದಿಲ್ಲ. ಪ್ರತಿ ಬಾರಿಯೂ ಎರಕದ ತಪ್ಪುಗಳನ್ನು ಮೊದಲಿನಿಂದ ಕಲಿಯಲಾಗುತ್ತದೆ, ಕಲಿಕೆಯ ಆ ವೆಚ್ಚವನ್ನು ಕೊನೆಗೆ ದೇಶವೇ ತಡದ ರೂಪದಲ್ಲಿ ತೆರುತ್ತದೆ. ಮಲೆನಾಡಿನಲ್ಲಿ ಒಂದು ವರ್ಷದ ಗೇಣಿಗೆ ಸಿಕ್ಕ ಜಮೀನಿನಲ್ಲಿ ಯಾರೂ ಅಡಿಕೆ ಸಸಿ ನೆಡುವುದಿಲ್ಲ; ಫಸಲು ಬರುವ ಹೊತ್ತಿಗೆ ಜಮೀನು ತನ್ನ ಕೈಯಲ್ಲಿರುತ್ತದೆ ಎಂಬ ನಂಬಿಕೆ ಇದ್ದವನು ಮಾತ್ರ ನೆಟ್ಟಾನು. ರಕ್ಷಣಾ ಬಿಡಿಭಾಗದ ಕೆಲಸವೂ ಅಷ್ಟೇ ನಿಧಾನವಾಗಿ ಫಲ ಕೊಡುವಂಥದ್ದು.

ಹಣದ ವಿಚಾರ ಇನ್ನೂ ಕಟುವಾದದ್ದು. ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಬಾಕಿ ಸಲ್ಲಿಸಬೇಕೆಂದು 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ತಡವಾದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕೆಂದೂ ಹೇಳುತ್ತದೆ. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದಾಯ ತೆರಿಗೆಯ ಹೊಸ ಕಲಮಿನ ಪ್ರಕಾರ, ಗಡುವು ಮೀರಿದ ಬಾಕಿಯನ್ನು ಖರೀದಿದಾರ ಆ ವರ್ಷದ ಖರ್ಚಿಗೆ ಹಾಕಿಕೊಳ್ಳುವಂತಿಲ್ಲ. ಕಾನೂನಿನಲ್ಲಿ ಕೊರತೆ ಇಲ್ಲ. ಆದರೆ ಒಂದೇ ದೊಡ್ಡ ಗ್ರಾಹಕನ ಮೇಲೆ ನಿಂತ ಸಣ್ಣ ಉದ್ಯಮಿ ಅದೇ ಗ್ರಾಹಕನ ಮೇಲೆ ಬಡ್ಡಿಗೆ ದೂರು ಕೊಡಲು ಹೇಗೆ ತಾನೇ ಧೈರ್ಯ ಮಾಡಿಯಾನು? ಬಾಕಿಯ ಸರಪಳಿ ಮೇಲಿನಿಂದಲೇ ಶುರುವಾಗುತ್ತದೆ ಎಂಬುದನ್ನೂ ಮರೆಯಬಾರದು. 2019ರ ಆರಂಭದಲ್ಲಿ ಎಚ್‌ಎಎಲ್‌ನಂಥ ಎಚ್‌ಎಎಲ್ ಕೂಡ ಸಂಬಳ ಕೊಡಲು ಬ್ಯಾಂಕಿನಿಂದ ಸಾವಿರ ಕೋಟಿಯಷ್ಟು ಸಾಲ ತೆಗೆಯಬೇಕಾಯಿತು. ಅದರ ಮುಖ್ಯ ಗ್ರಾಹಕ ವಾಯುಪಡೆಯಿಂದ ಬರಬೇಕಿದ್ದ ಹಣ ಅದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ಅಂಥ ಕಂಪನಿಗಾದರೆ ಬ್ಯಾಂಕು ಬಾಗಿಲು ತೆರೆಯುತ್ತದೆ. ಅದರ ಕೆಳಗಿನ ಮೂರನೇ ಮೆಟ್ಟಿಲಲ್ಲಿ ಇರುವ ಫೌಂಡ್ರಿ ಮಾಲೀಕ ಮನೆಪತ್ರ ಒತ್ತೆಯಿಟ್ಟು ವಿದ್ಯುತ್ ಬಿಲ್ ಕಟ್ಟಬೇಕಾಗುತ್ತದೆ.

ಸರ್ಕಾರಕ್ಕೆ ಇದು ಅರ್ಥವಾಗಿಲ್ಲ ಎನ್ನಲಾಗದು. 2025ರ ನವೆಂಬರ್ 1ರಿಂದ ಜಾರಿಗೆ ಬಂದ ಹೊಸ ರಕ್ಷಣಾ ಖರೀದಿ ಕೈಪಿಡಿಯಲ್ಲಿ ನಾನು ಇಲ್ಲಿ ಕೇಳುತ್ತಿರುವುದರ ದೊಡ್ಡ ಪಾಲು ಇದೆ. ದೇಶದಲ್ಲೇ ಹೊಸದಾಗಿ ಅಭಿವೃದ್ಧಿಪಡಿಸಿದ ವಸ್ತುವಿಗೆ ಐದು ವರ್ಷದವರೆಗೆ ಪ್ರಮಾಣದ ಖಾತರಿ ಕೊಡಬಹುದು, ವಿಶೇಷ ಸಂದರ್ಭದಲ್ಲಿ ಮತ್ತೆ ಐದು ವರ್ಷ ವಿಸ್ತರಿಸಬಹುದು ಎಂದು ಅದು ಹೇಳುತ್ತದೆ. ಅಭಿವೃದ್ಧಿಯ ಹಂತದಲ್ಲಿ ತಡದ ದಂಡವಿಲ್ಲ, ನಂತರವೂ ದಂಡವನ್ನು ಇಳಿಸಲಾಗಿದೆ. ಸ್ವಾಗತಿಸಬೇಕಾದ ಬದಲಾವಣೆ. ಆದರೆ ಈ ಕೈಪಿಡಿ ಅನ್ವಯಿಸುವುದು ಸೇನಾಪಡೆಗಳು ಮತ್ತು ಸಚಿವಾಲಯದ ಸಂಸ್ಥೆಗಳು ಮಾಡುವ ಕಂದಾಯ ಲೆಕ್ಕದ ಖರೀದಿಗೆ, ಅಂದರೆ ಬಿಡಿಭಾಗ, ದುರಸ್ತಿ, ದಿನನಿತ್ಯದ ಸಾಮಗ್ರಿಗೆ. ಎಚ್‌ಎಎಲ್ ಅಥವಾ ಬಿಇಎಂಎಲ್ ತಮ್ಮ ವೆಂಡರುಗಳಿಂದ ಕೊಳ್ಳುವಾಗ ನಡೆಯುವುದು ಆಯಾ ಕಂಪನಿಯ ಸ್ವಂತ ನಿಯಮ. ಶಿವಮೊಗ್ಗದ ಫೌಂಡ್ರಿ ನೇರವಾಗಿ ವಾಯುಪಡೆಗೆ ಮಾರುವ ಸಂದರ್ಭ ಅಪರೂಪ. ಅದು ಮಾರುವುದು ಎಚ್‌ಎಎಲ್‌ಗೆ, ಇಲ್ಲವೇ ಎಚ್‌ಎಎಲ್‌ಗೆ ಮಾರುವ ಇನ್ನೊಂದು ಕಂಪನಿಗೆ. 97 ತೇಜಸ್‌ಗಳ ಒಪ್ಪಂದದಲ್ಲಿ ವಿಮಾನಗಳ ಹಸ್ತಾಂತರ 2027-28ರಲ್ಲಿ ಶುರುವಾಗಿ ಆರು ವರ್ಷ ನಡೆಯುತ್ತದೆ. ಸುಮಾರು 105 ಭಾರತೀಯ ಕಂಪನಿಗಳು ಬಿಡಿಭಾಗ ತಯಾರಿಕೆಯಲ್ಲಿ ನೇರವಾಗಿ ತೊಡಗುತ್ತವೆ ಎಂದು ಸರ್ಕಾರವೇ ಹೇಳಿದೆ. ಎಚ್‌ಎಎಲ್‌ಗೆ ಆರು ವರ್ಷದ ಭರವಸೆ ಸಿಕ್ಕಿದೆ. ಆ 105 ಕಂಪನಿಗಳಿಗೆ, ಅವುಗಳ ಕೆಳಗೆ ಎರಕ-ಮಷಿನಿಂಗ್ ಮಾಡುವ ಇನ್ನೂ ಸಣ್ಣವರಿಗೆ, ಅದೇ ಆರು ವರ್ಷ ಸಿಗುತ್ತದೆಯೇ? ಮೇಲೆ ಸಿಕ್ಕಿದ ಅವಧಿಯನ್ನು ಕೆಳಗಿನವರಿಗೂ ದಾಟಿಸಬೇಕೆಂಬ ಷರತ್ತು ಪ್ರತಿ ದೊಡ್ಡ ಒಪ್ಪಂದದಲ್ಲೂ ಇರಬೇಕು. ಇಲ್ಲದಿದ್ದರೆ ದೀರ್ಘಾವಧಿ ಎಂಬುದು ಎಚ್‌ಎಎಲ್‌ನ ಗೇಟಿನವರೆಗೆ ಬಂದು ನಿಲ್ಲುತ್ತದೆ.

ಭದ್ರಾವತಿಯ ಇತಿಹಾಸವನ್ನು ಈ ಬೆಳಕಿನಲ್ಲಿ ಓದಬೇಕು. ಮೈಸೂರು ಸಂಸ್ಥಾನ ಇಲ್ಲಿ ಕಟ್ಟಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿತು. ಇದ್ದಿಲು ಉರಿಸಿ ತೆಗೆದ ಇಲ್ಲಿನ ಬೀಡುಕಬ್ಬಿಣಕ್ಕೆ ಅಮೆರಿಕದ ಮಾರುಕಟ್ಟೆಯನ್ನು ನಂಬಲಾಗಿತ್ತು. ಬೆಲೆ ಬಿತ್ತು, ಕೊಳ್ಳುವವರು ಹಿಂದೆ ಸರಿದರು, ಕಾರ್ಖಾನೆ ನಷ್ಟದಲ್ಲಿ ಸಿಕ್ಕಿತು. ಆಗ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದ ವಿಶ್ವೇಶ್ವರಯ್ಯನವರು 1929ರವರೆಗೆ ಖರ್ಚು ಕಡಿಮೆ ಮಾಡಿ, ಸ್ಥಳೀಯ ಎಂಜಿನಿಯರುಗಳನ್ನು ತಯಾರು ಮಾಡಿ ಅದನ್ನು ತನ್ನ ಕಾಲ ಮೇಲೆ ನಿಲ್ಲಿಸಿದರು. ಒಳ್ಳೆಯ ಲೋಹ ಮಾಡುವುದು ಒಂದು, ಅದನ್ನು ಬಿಡದೆ ಕೊಳ್ಳುವವನನ್ನು ಪಡೆಯುವುದು ಇನ್ನೊಂದು ಎಂಬುದು ಈ ಕಾರ್ಖಾನೆಯ ಹುಟ್ಟಿನಿಂದಲೇ ಕಾಣುವ ಪಾಠ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ, ಮುಂದೆ ಎಚ್‌ಎಎಲ್ ಆದ, ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದಾಗ ಅದರಲ್ಲೂ ಮೈಸೂರು ಸರ್ಕಾರ ಪಾಲುದಾರನಾಗಿತ್ತು. ಭದ್ರಾವತಿಯ ಲೋಹ, ಬೆಂಗಳೂರಿನ ವಿಮಾನ ಎರಡೂ ಒಂದೇ ಸರ್ಕಾರದ ಹೂಡಿಕೆಯಾಗಿದ್ದ ಕಾಲವೊಂದಿತ್ತು. ಸ್ವಾತಂತ್ರ್ಯದ ನಂತರ ಇವೆರಡೂ ತಮ್ಮ ತಮ್ಮ ದಾರಿಯಲ್ಲಿ ಬೆಳೆದವು. ಭದ್ರಾವತಿಯದು ಮಿಶ್ರಲೋಹ ಮತ್ತು ವಿಶೇಷ ಉಕ್ಕಿನ ಕಾರ್ಖಾನೆಯಾಗಿ, ವಿಐಎಸ್‌ಎಲ್ ಎಂಬ ಹೆಸರು ಪಡೆದು, 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರ ಸೇಲ್‌ನ ಅಂಗಸಂಸ್ಥೆಯಾಗಿ, 1998ರಲ್ಲಿ ಅದರಲ್ಲೇ ವಿಲೀನವಾಯಿತು. ರೈಲ್ವೆ, ವಾಹನ, ರಕ್ಷಣಾ ವಲಯಗಳಿಗೆ ಬೇಕಾದ ಗಟ್ಟಿ ಉಕ್ಕು, ಫೋರ್ಜಿಂಗ್ ಇಲ್ಲಿ ತಯಾರಾಗುತ್ತಿತ್ತು.

ಮುಂದಿನದು ಭದ್ರಾವತಿಯ ಪ್ರತಿ ಮನೆಗೂ ಗೊತ್ತಿರುವ ಕಥೆ. 2016ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಸಮಿತಿ ಸೇಲಂ, ದುರ್ಗಾಪುರದ ವಿಶೇಷ ಉಕ್ಕಿನ ಘಟಕಗಳ ಜೊತೆಗೆ ವಿಐಎಸ್‌ಎಲ್ ಅನ್ನೂ ಮಾರಲು ತಾತ್ವಿಕ ಒಪ್ಪಿಗೆ ಕೊಟ್ಟಿತು. ಕೊಳ್ಳುವವರ ಆಸಕ್ತಿ ಸಾಲದೆ 2022ರ ಅಕ್ಟೋಬರ್‌ನಲ್ಲಿ ಭದ್ರಾವತಿ ಘಟಕದ ಮಾರಾಟ ಪ್ರಕ್ರಿಯೆ ರದ್ದಾಯಿತು. 2023ರ ಜನವರಿಯಲ್ಲಿ ಸೇಲ್ ಮಂಡಳಿ ಮುಚ್ಚುವ ತೀರ್ಮಾನ ಮಾಡಿತು, ಕಾರ್ಮಿಕರು ಬೀದಿಗಿಳಿದರು, ಅದೇ ವರ್ಷ ಬಾರ್ ಮಿಲ್ ಅಲ್ಪ ಪ್ರಮಾಣದಲ್ಲಿ ಮತ್ತೆ ತಿರುಗಿತು. ಉಕ್ಕು ಸಚಿವರಾದ ಎಚ್.ಡಿ. ಕುಮಾರಸ್ವಾಮಿ ಅವರ ಪುನಶ್ಚೇತನದ ಭರವಸೆಯೂ ಬಂದಿದೆ. ಸ್ವಂತ ಅದಿರಿನ ಗಣಿ ಇಲ್ಲದ್ದು, ಕಾಲಕ್ಕೆ ತಕ್ಕ ಹೂಡಿಕೆ ಬಾರದ್ದು ಈ ಅವನತಿಯ ಮುಖ್ಯ ಕಾರಣಗಳು ಎಂಬುದರಲ್ಲಿ ಅನುಮಾನವಿಲ್ಲ. ಅವುಗಳ ಜೊತೆಗೆ ಇನ್ನೊಂದನ್ನೂ ಸೇರಿಸಬೇಕೆಂಬುದು ನನ್ನ ಅಭಿಪ್ರಾಯ. ಉಕ್ಕು ಸಚಿವಾಲಯದ ಕಾರ್ಖಾನೆ ಮಾಡಬಲ್ಲ ವಸ್ತು ಯಾವುದು, ರಕ್ಷಣಾ ಸಚಿವಾಲಯದ ಕಾರ್ಖಾನೆಗಳಿಗೆ ಮುಂದಿನ ಹತ್ತು ವರ್ಷಕ್ಕೆ ಬೇಕಾದ ವಸ್ತು ಯಾವುದು ಎಂದು ಇಬ್ಬರೂ ಒಂದೇ ಮೇಜಿನಲ್ಲಿ ಕೂತು ಪಟ್ಟಿ ಮಾಡಿ, ಅದರ ಮೇಲೆ ಹೂಡಿಕೆ ನಿರ್ಧರಿಸಿದ್ದರೆ, ಮಾರಾಟಕ್ಕೆ ಇಡುವ ಹೊತ್ತಿಗೆ ಈ ಕಾರ್ಖಾನೆಯ ಮೌಲ್ಯದ ಲೆಕ್ಕವೇ ಬೇರೆಯಾಗಿರುತ್ತಿತ್ತು. ಖಚಿತ ಗ್ರಾಹಕನಿಲ್ಲದ ವಿಶೇಷ ಉಕ್ಕಿನ ಘಟಕವನ್ನು ಖಾಸಗಿಯವರೂ ಕೊಳ್ಳಲು ಮುಂದೆ ಬರಲಿಲ್ಲ ಎಂಬುದನ್ನು ಗಮನಿಸಬೇಕು.

ಇದು ಆಗದ ಮಾತೇನಲ್ಲ. ಇದೇ ಸೇಲ್ ಇನ್ನೊಂದು ಕಡೆ ಮಾಡಿ ತೋರಿಸಿದೆ. ವಿಮಾನವಾಹಕ ನೌಕೆ ವಿಕ್ರಾಂತ್ ಕಟ್ಟಲು ಬೇಕಾದ ಯುದ್ಧನೌಕೆ ದರ್ಜೆಯ ಉಕ್ಕನ್ನು ರಷ್ಯಾದಿಂದ ತರುವ ಯೋಜನೆ ಕೈಕೊಟ್ಟಾಗ, ಹೈದರಾಬಾದಿನ ಡಿಎಂಆರ್‌ಎಲ್ ಪ್ರಯೋಗಾಲಯ, ನೌಕಾಪಡೆ ಮತ್ತು ಸೇಲ್ ಸೇರಿ ಡಿಎಂಆರ್-249ಎ ಎಂಬ ಉಕ್ಕನ್ನು ಇಲ್ಲೇ ರೂಪಿಸಿದವು. ವಿಕ್ರಾಂತ್‌ಗೆ ಸೇಲ್ ಕೊಟ್ಟ ವಿಶೇಷ ಉಕ್ಕು ಸುಮಾರು 30,000 ಟನ್. ನೌಕೆ 2022ರ ಸೆಪ್ಟೆಂಬರ್ 2ರಂದು ಸೇವೆಗೆ ಸೇರಿತು. ಕೊಳ್ಳುವವನು, ಸಂಶೋಧಕ, ತಯಾರಕ ಮೂವರೂ ಮೊದಲ ದಿನದಿಂದ ಒಟ್ಟಿಗೆ ಕೂತದ್ದರಿಂದ ಅದು ಸಾಧ್ಯವಾಯಿತು. ಒಮ್ಮೆ ಆ ಉಕ್ಕು ಒಗ್ಗಿದ ಮೇಲೆ ನೌಕಾಪಡೆ ಬೇರೆ ಹಡಗುಗಳಿಗೂ ಅದನ್ನೇ ಬಳಸಿತು. ಸೇಲ್‌ನ ಬೊಕಾರೊ, ಭಿಲಾಯಿ, ರೂರ್ಕೆಲಾ ಕಾರ್ಖಾನೆಗಳಲ್ಲಿ ಆದದ್ದು ಭದ್ರಾವತಿಗೆ ಯಾಕೆ ಆಗಲಿಲ್ಲ ಎಂಬ ಪ್ರಶ್ನೆಯನ್ನು ಈ ಜಿಲ್ಲೆಯ ಸಂಸದರು, ಶಾಸಕರು ಪಕ್ಷ ಮರೆತು ಕೇಳಬೇಕಿದೆ.

ದೀರ್ಘಾವಧಿಯ ಸಂಬಂಧ ಎಂದ ಕೂಡಲೇ ಏಳುವ ಮೊದಲ ಆಕ್ಷೇಪ ಭ್ರಷ್ಟಾಚಾರದ್ದು. ಅದು ಹಗುರವಾದ ಆಕ್ಷೇಪವಲ್ಲ. 1986ರಲ್ಲಿ ಬೊಫೋರ್ಸ್ ಫಿರಂಗಿಯ ಒಪ್ಪಂದವಾಗಿ, ಮರುವರ್ಷವೇ ಲಂಚದ ಸುದ್ದಿ ಹೊರಬಿದ್ದ ಮೇಲೆ ನಮ್ಮ ಖರೀದಿ ಅಧಿಕಾರಿಗಳ ಮನಸ್ಸಿನಲ್ಲಿ ಒಂದು ಭಯ ನೆಲೆಸಿತು. ಅತಿ ಕಡಿಮೆ ದರಕ್ಕೆ ಕೊಟ್ಟರೆ ಯಾರೂ ಬೆರಳು ತೋರಿಸಲಾರರು. ಪರಿಚಿತ ಪೂರೈಕೆದಾರನನ್ನೇ ಮುಂದುವರಿಸಿದರೆ ಆಡಿಟ್‌ನವರು, ವಿಚಕ್ಷಣೆಯವರು ಪ್ರಶ್ನಿಸುತ್ತಾರೆ. ಅಧಿಕಾರಿಯ ಜಾಗದಲ್ಲಿ ನಿಂತು ನೋಡಿದರೆ ಈ ಎಚ್ಚರಿಕೆ ಸಹಜ. ಆದರೆ ಅದರ ಫಲ ಏನಾಯಿತು? ಮೂವತ್ತು ವರ್ಷ ಸೇನೆಗೆ ಹೊಸ ದೊಡ್ಡ ಫಿರಂಗಿಯೇ ಬರಲಿಲ್ಲ. ಬೊಫೋರ್ಸ್ ನಕ್ಷೆಯ ಆಧಾರದಲ್ಲಿ ನಾವೇ ಮಾಡಿದ ಧನುಷ್ ಫಿರಂಗಿಯ ವಿಷಯದಲ್ಲಿ 2017ರಲ್ಲಿ ಸಿಬಿಐ ಒಂದು ಪ್ರಕರಣ ದಾಖಲಿಸಿತು: ಜರ್ಮನಿಯದೆಂದು ಹೇಳಿ ಚೀನಾದ ಬೇರಿಂಗುಗಳನ್ನು ಪೂರೈಸಲಾಗಿದೆ ಎಂಬುದು ಆರೋಪ. ಟೆಂಡರ್ ಕರೆದೇ ಕೊಂಡಿದ್ದ ಬೇರಿಂಗುಗಳು ಅವು. ಟೆಂಡರಿನ ಕಾಗದ ಸರಿಯಿದ್ದ ಮಾತ್ರಕ್ಕೆ ವಸ್ತು ಸರಿಯಿರುತ್ತದೆಂಬ ಖಾತರಿ ಇಲ್ಲ. ತಯಾರಕನ ಶಾಪ್ ಫ್ಲೋರಿಗೆ ಹೋಗಿ, ಅವನ ಕುಲುಮೆ, ಅವನ ದಾಖಲೆ, ಅವನ ಕೆಲಸಗಾರರನ್ನು ವರ್ಷಗಟ್ಟಲೆ ಬಲ್ಲ ಖರೀದಿದಾರನಿಗೆ ಇಂಥ ಮೋಸವನ್ನು ಹಿಡಿಯುವುದು ಎಷ್ಟೋ ಸುಲಭ. ಭ್ರಷ್ಟಾಚಾರಕ್ಕೆ ಮದ್ದು ಬೇಕಾದರೆ ಪಾರದರ್ಶಕತೆ ಬೇಕು: ಐದು ವರ್ಷದ ಒಪ್ಪಂದ ಯಾರಿಗೆ, ಯಾವ ಅಂಕಗಳ ಮೇಲೆ ಕೊಟ್ಟಿದ್ದು, ಪ್ರತಿ ವರ್ಷ ಅವರ ಗುಣಮಟ್ಟ ಮತ್ತು ಸಮಯಪಾಲನೆ ಎಷ್ಟು ಎಂಬುದನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಲಿ. ಗುಟ್ಟಿನ ಒಂದು ವರ್ಷದ ಟೆಂಡರಿಗಿಂತ ಬಹಿರಂಗವಾದ ಐದು ವರ್ಷದ ಒಪ್ಪಂದ ಹೆಚ್ಚು ಪ್ರಾಮಾಣಿಕ.

ಎರಡನೆಯ ಆಕ್ಷೇಪ: ಕೆಲಸ ಖಚಿತ ಎಂದಾದರೆ ಪೂರೈಕೆದಾರ ಸೋಮಾರಿಯಾಗುತ್ತಾನೆ, ದರ ಏರಿಸುತ್ತಾನೆ. ಒಬ್ಬನಿಗೇ ಎಲ್ಲ ಕೊಟ್ಟರೆ ನಿಜ. ಆದ್ದರಿಂದ ಮುಖ್ಯ ಭಾಗಗಳಿಗೆ ಇಬ್ಬರಿರಬೇಕು. 2025ರ ಮಾರ್ಚ್‌ನಲ್ಲಿ 307 ಎಟಿಎಜಿಎಸ್ ಫಿರಂಗಿಗಳ ಆರ್ಡರನ್ನು ಭಾರತ್ ಫೋರ್ಜ್ ಮತ್ತು ಟಾಟಾ ಕಂಪನಿಗಳಿಗೆ 60-40ರ ಪ್ರಮಾಣದಲ್ಲಿ ಹಂಚಿದಂತೆ, ಸಣ್ಣ ಭಾಗಗಳಲ್ಲೂ ಹಂಚಬಹುದು; ಚೆನ್ನಾಗಿ ಮಾಡಿದವನ ಪಾಲು ವರ್ಷದಿಂದ ವರ್ಷಕ್ಕೆ ಹೆಚ್ಚಲಿ. ಕಬ್ಬಿಣ, ಸ್ಕ್ರ್ಯಾಪ್, ವಿದ್ಯುತ್ ದರಕ್ಕೆ ಕಟ್ಟಿದ ಏರಿಳಿತದ ಸೂತ್ರ ಒಪ್ಪಂದದಲ್ಲೇ ಇದ್ದರೆ ದರದ ಜಗಳವೂ ತಪ್ಪುತ್ತದೆ. ದೀರ್ಘ ಸಂಬಂಧ ಸಾಮರ್ಥ್ಯವನ್ನು ಕುಗ್ಗಿಸುವ ಬದಲು ಬೆಳೆಸಿದ ಉದಾಹರಣೆ ಬೆಂಗಳೂರಿನಲ್ಲೇ ಇದೆ. ಡೈನಮ್ಯಾಟಿಕ್ ಟೆಕ್ನಾಲಜೀಸ್ ಏರ್‌ಬಸ್‌ನ ಎ-320 ವಿಮಾನಕ್ಕೆ ರೆಕ್ಕೆಯ ಫ್ಲಾಪ್ ಟ್ರ್ಯಾಕ್ ಬೀಮ್ ಮಾಡಿಕೊಡುತ್ತ ಬಂತು. ವರ್ಷಗಳ ಮೇಲೆ, 2024ರ ಫೆಬ್ರುವರಿಯಲ್ಲಿ, ಎ-220 ವಿಮಾನದ ಎಲ್ಲ ಬಾಗಿಲುಗಳನ್ನು ತಯಾರಿಸುವ ಒಪ್ಪಂದ ಅದಕ್ಕೆ ಸಿಕ್ಕಿತು. ಜಪಾನಿನಲ್ಲಿ 1997ರ ಫೆಬ್ರುವರಿಯಲ್ಲಿ ಐಸಿನ್ ಕಾರ್ಖಾನೆಗೆ ಬೆಂಕಿ ಬಿದ್ದು, ಟೊಯೊಟಾಗೆ ಬೇಕಾದ ಬ್ರೇಕಿನ ಒಂದು ಸಣ್ಣ ವಾಲ್ವ್ ಸಿಗದೆ ಇಡೀ ಕಾರು ಉತ್ಪಾದನೆ ನಿಂತಾಗ, ಟೊಯೊಟಾದ ಬಹುಕಾಲದ ಪೂರೈಕೆದಾರರು ಹಗಲಿರುಳು ದುಡಿದು ಆ ವಾಲ್ವ್ ಮಾಡಿಕೊಟ್ಟು ದಿನಗಳಲ್ಲೇ ಲೈನ್ ಓಡಿಸಿದರು. ಒಬ್ಬನ ಮೇಲೇ ಆತುಕೊಳ್ಳುವುದರ ಅಪಾಯ, ಬಹಳ ಜನರ ಜೊತೆ ಗಟ್ಟಿ ಸಂಬಂಧ ಇಟ್ಟುಕೊಳ್ಳುವುದರ ಬಲ ಎರಡನ್ನೂ ಆ ಘಟನೆ ತೋರಿಸಿತು. ಯುದ್ಧದ ದಿನಗಳಲ್ಲಿ ನಮಗೂ ಅಂಥ ಪೂರೈಕೆದಾರರು ಬೇಕಾಗುತ್ತಾರೆ.

ಮೂರನೆಯ ಆಕ್ಷೇಪ ಶಿವಮೊಗ್ಗದ ಬಗ್ಗೆಯೇ. ಇಲ್ಲಿನ ಫೌಂಡ್ರಿಗಳು ಕಾರು, ಟ್ರ್ಯಾಕ್ಟರ್, ಪಂಪುಗಳಿಗೆ ಕಬ್ಬಿಣದ ಎರಕ ಹಾಕುವವು, ವಿಮಾನಕ್ಕೆ ಬೇಕಾದದ್ದು ಅಲ್ಯೂಮಿನಿಯಂ, ಟೈಟಾನಿಯಂ, ಸೂಪರ್ ಅಲಾಯ್. ಇವರಿಂದ ಅದಾಗುತ್ತದೆಯೇ ಎಂದು ಕೇಳುವವರಿದ್ದಾರೆ. ನಾಳೆಯೇ ಎಂಜಿನಿನ ಬ್ಲೇಡು ಇಲ್ಲಿ ಎರೆಯುತ್ತಾರೆಂದು ಹೇಳಿದರೆ ಅದು ಜನರನ್ನು ದಾರಿ ತಪ್ಪಿಸುವ ಮಾತಾಗುತ್ತದೆ. ಆದರೆ ರಕ್ಷಣೆ ಎಂದರೆ ವಿಮಾನವೊಂದೇ ಅಲ್ಲ. 81 ಮಿ.ಮೀ. ಮತ್ತು 120 ಮಿ.ಮೀ. ಮಾರ್ಟರ್ ಬಾಂಬುಗಳ ಹೊರಕವಚವನ್ನು ಎಸ್.ಜಿ. ಐರನ್‌ನಲ್ಲಿ ಎರೆಯುತ್ತಾರೆ. ಕಾರಿನ ಕ್ರ್ಯಾಂಕ್‌ಶಾಫ್ಟ್, ಹಬ್‌ಗಳಿಗೆ ಬಳಸುವ ಅದೇ ಜಾತಿಯ ಕಬ್ಬಿಣ ಅದು. ಬಿಇಎಂಎಲ್‌ನ ಭಾರಿ ಸೇನಾ ವಾಹನಗಳ ಆಕ್ಸಲ್ ಹೌಸಿಂಗ್, ಗೇರ್‌ಬಾಕ್ಸ್ ಕವಚ, ಬ್ರಾಕೆಟ್‌ಗಳು, ಹೆಲಿಕಾಪ್ಟರ್‌ಗೆ ನೆಲದ ಮೇಲೆ ಬೇಕಾಗುವ ಎಳೆಯುವ ಮತ್ತು ಎತ್ತುವ ಸಲಕರಣೆಗಳು ಈ ಊರಿನ ಕೈಗೆ ಒಗ್ಗಿದ ಕೆಲಸಗಳು. 2025ರ ಮಾರ್ಚ್‌ನಲ್ಲಿ ಆರ್ಡರ್ ಆದ 156 ಪ್ರಚಂಡ್ ಹೆಲಿಕಾಪ್ಟರುಗಳನ್ನು ಬೆಂಗಳೂರು ಮತ್ತು ತುಮಕೂರಿನಲ್ಲಿ ತಯಾರಿಸಲಾಗುತ್ತದೆ. ಎಚ್‌ಎಎಲ್‌ನ ತುಮಕೂರು ಘಟಕ ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗುವ ಹಾದಿಯಲ್ಲೇ, ಗುಬ್ಬಿ ತಾಲ್ಲೂಕಿನಲ್ಲಿದೆ. ಸುಲಭದ ಭಾಗದಿಂದ ಶುರು ಮಾಡಿ, ದಾಖಲೆ ಮತ್ತು ಪರೀಕ್ಷೆಯ ಶಿಸ್ತು ಮೈಗೂಡಿದ ಮೇಲೆ ಕಷ್ಟದ ಭಾಗಕ್ಕೆ ಏರುವುದು ಸಾಧ್ಯ, ಅದಕ್ಕೂ ಐದು ವರ್ಷದ ಅವಕಾಶವೇ ಬೇಕು.

ಹೊಣೆ ಒಂದೇ ಕಡೆಯದಲ್ಲ ಎಂದೂ ಹೇಳಬೇಕು. ಐದು ವರ್ಷದ ಒಪ್ಪಂದ ಕೇಳುವ ಫೌಂಡ್ರಿ ಮಾಲೀಕರು ಕೆಟ್ಟ ಎರಕವನ್ನು ತಾವೇ ಮೊದಲು ಒಪ್ಪಿಕೊಳ್ಳುವ ಪದ್ಧತಿ ಬೆಳೆಸಿಕೊಳ್ಳಬೇಕು. ವಾಹನ ಕಂಪನಿಯ ದೊಡ್ಡ ಆರ್ಡರ್ ಬಂದಾಗ ರಕ್ಷಣಾ ಆರ್ಡರನ್ನು ಮೂಲೆಗೆ ತಳ್ಳುವಂತಿಲ್ಲ. ಏರೋಸ್ಪೇಸಿನ ಎಎಸ್-9100 ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿದರೆ ಸಾಲದು, ಕುಲುಮೆಯ ಮುಂದೆ ನಿಂತ ಕೆಲಸಗಾರನಿಗೂ ಅದು ಗೊತ್ತಿರಬೇಕು. ರಾಜ್ಯ ಸರ್ಕಾರದ ಪಾಲೂ ದೊಡ್ಡದು. 2022-27ರ ಏರೋಸ್ಪೇಸ್ ಮತ್ತು ರಕ್ಷಣಾ ನೀತಿ ಬೆಂಗಳೂರು, ಬೆಳಗಾವಿ, ಮೈಸೂರು, ತುಮಕೂರು, ಚಾಮರಾಜನಗರಗಳನ್ನು ತಯಾರಿಕಾ ಕೇಂದ್ರಗಳೆಂದು ಗುರುತಿಸಿತು, ಲೋಹದ ಊರು ಶಿವಮೊಗ್ಗ ಅದರಲ್ಲಿಲ್ಲ. ದೇವನಹಳ್ಳಿಯಲ್ಲಿ ಏರೋಸ್ಪೇಸ್ ಪಾರ್ಕಿಗೆಂದು 1,777 ಎಕರೆ ವಶಪಡಿಸಿಕೊಳ್ಳುವ ಯತ್ನವನ್ನು ರೈತರ ಹೋರಾಟದ ನಂತರ 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿತು. ಬೆಂಗಳೂರಿನ ಸುತ್ತ ಭೂಮಿ ಇಲ್ಲವೆಂದಾದರೆ ಕೈಗಾರಿಕೆ ಈಗಾಗಲೇ ಇರುವ ಊರುಗಳ ಕಡೆ ನೋಡುವುದು ನ್ಯಾಯ. ಶಿವಮೊಗ್ಗದಲ್ಲಿ ಗಾಜನೂರಿನ ತುಂಗಾ ಜಲಾಶಯದ ನೀರಿದೆ, ಮಾಚೇನಹಳ್ಳಿಯಲ್ಲಿ ನುರಿತ ಕೈಗಳಿವೆ, ಸೋಗಾನೆಯಲ್ಲಿ 2023ರಿಂದ ವಿಮಾನ ನಿಲ್ದಾಣವಿದೆ. ಇಲ್ಲಿಗೆ ಬೇಕಾದದ್ದು ಹತ್ತಾರು ಫೌಂಡ್ರಿಗಳು ಹಂಚಿಕೊಂಡು ಬಳಸುವ ಒಂದು ಒಳ್ಳೆಯ ಲೋಹ ಪರೀಕ್ಷಾಲಯ. ರೇಡಿಯಾಗ್ರಫಿ, ಅಲ್ಟ್ರಾಸಾನಿಕ್, ಸಾಮರ್ಥ್ಯ ಪರೀಕ್ಷೆ ಎಲ್ಲವೂ ಅದರಲ್ಲಿರಬೇಕು, ರಕ್ಷಣಾ ಗುಣಮಟ್ಟದ ಇಲಾಖೆ ಅದರ ವರದಿಯನ್ನು ಒಪ್ಪಬೇಕು. ವಿಐಎಸ್‌ಎಲ್ ಆವರಣದಲ್ಲಿ ಇದಕ್ಕೆ ಜಾಗವೂ ಇದೆ, ಲೋಹ ಬಲ್ಲವರೂ ಇದ್ದಾರೆ.

ಇದನ್ನೆಲ್ಲ ನಿಧಾನವಾಗಿ ಯೋಚಿಸೋಣ ಎನ್ನಲು ಸಮಯವಿಲ್ಲ. ಎರಡನೇ ಕಂತಿನ ತೇಜಸ್‌ಗಳು 2027-28ರಲ್ಲಿ ಹೊರಬರಬೇಕು. ಒಂದು ಎರಕದ ಭಾಗಕ್ಕೆ ಒಪ್ಪಿಗೆ ಸಿಗಲು ವರ್ಷ-ಎರಡು ವರ್ಷ ಬೇಕೆಂದರೆ, ಆ ಹೊತ್ತಿಗೆ ಸಿದ್ಧವಾಗಿರಬೇಕಾದ ಪೂರೈಕೆದಾರನ ಆಯ್ಕೆ ಈಗಲೇ ಆಗಬೇಕು. ಎಚ್‌ಎಎಲ್ ಮತ್ತು ಬಿಇಎಂಎಲ್‌ನ ಖರೀದಿ ವಿಭಾಗದವರು ನಕ್ಷೆಗಳನ್ನು ಹಿಡಿದು ಮಾಚೇನಹಳ್ಳಿಗೆ ಬರಲಿ, ಅಲ್ಲಿನವರು ಮಾಡಬಲ್ಲ ಮೂವತ್ತು ಭಾಗಗಳನ್ನು ಗುರುತಿಸಲಿ, ಪ್ರತಿಯೊಂದಕ್ಕೂ ಇಬ್ಬರಂತೆ ಆರಿಸಿ ಐದು ವರ್ಷದ ಪ್ರಮಾಣವನ್ನು ಮೊದಲ ಪರ್ಚೇಸ್ ಆರ್ಡರಿನಲ್ಲೇ ಬರೆದುಕೊಡಲಿ. ಪ್ಯಾಟರ್ನಿನ ಖರ್ಚಿನಲ್ಲಿ ಅರ್ಧವನ್ನು ಕಂಪನಿಯೇ ಮುಂಗಡವಾಗಿ ಭರಿಸಲಿ, 45 ದಿನದ ಗಡುವನ್ನು ತಪ್ಪಿಸದಿರಲಿ.